141ನೇ ರೇಖಾಂಶದ ಈಚೆಗೆ: ಪಾಪುವಾ ಪ್ರವಾಸದ ಪುಟಗಳು

ಮೊದಲ ದಿನ: ತಿಮಿಕಾ, ಸೆಂತಾನಿ

ನ್ಯೂಗಿನಿ ದ್ವೀಪದ ಪಶ್ಚಿಮಾರ್ಧ, ಇಂಡೋನೇಷ್ಯಾದ ಆಳ್ವಿಕೆಯಲ್ಲಿರುವ ಪಾಪುವಾ. ಅಲ್ಲಿಗೆ ಜಕಾರ್ತದಿಂದ ರಾತ್ರಿ ಹೊರಟ ವಿಮಾನದಲ್ಲಿ ಊರು ನೋಡಲು ಹೊರಟವನು ನಾನೊಬ್ಬನೇ ಇದ್ದ ಹಾಗಿತ್ತು. ಉಳಿದವರಲ್ಲಿ ಹೆಚ್ಚಿನವರು ಗಣಿಯ ನೌಕರರು. ಬೆಳಕು ಹರಿಯುವ ಹೊತ್ತಿಗೆ ತಿಮಿಕಾದಲ್ಲಿ ಅವರೆಲ್ಲ ಸಾಲುಗಟ್ಟಿ ಇಳಿದುಹೋದರು. ವಿಮಾನ ಮತ್ತೆ ಮೇಲೇರಿದಾಗ ಕಡುಹಸಿರು ಕಾಡಿನ ನಡುವೆ ಬೂದು ಬಣ್ಣದ ಅಗಲವಾದ ಪಟ್ಟಿಯೊಂದು ಬೆಟ್ಟದ ಬುಡದಿಂದ ಕಡಲಿನ ಕಡೆಗೆ ಹರಡಿರುವುದು ಕಂಡಿತು. ಅದು ಅಜ್ಕ್ವಾ ನದಿ. ಗ್ರಾಸ್‌ಬರ್ಗ್ ಗಣಿಯಲ್ಲಿ ತಾಮ್ರ, ಚಿನ್ನ ತೆಗೆದ ಮೇಲೆ ಉಳಿಯುವ ಅದಿರಿನ ಪುಡಿಯನ್ನು ದಶಕಗಳಿಂದ ಈ ನದಿಗೇ ಬಿಡುತ್ತಿದ್ದಾರೆ. ಮೇಲಿನ ಬೆಟ್ಟ ಅಮುಂಗ್ಮೆ ಜನರದ್ದು. ಅವರಿಗೆ ಆ ಪರ್ವತ ತಾಯಿಯ ತಲೆ. ಕೆಳಗಿನ ನದೀತೀರ ಕಮೋರೋ ಜನರದ್ದು. ಅವರಿಗೆ ಮೀನು, ಸಾಗೋ ಕೊಡುತ್ತಿದ್ದ ನೀರು ಇದೇ.

1936ರಲ್ಲಿ ಜಾನ್ ಜಾಕ್ ಡೋಜಿ ಎಂಬ ಡಚ್ ಭೂವಿಜ್ಞಾನಿ ಹಿಮಪರ್ವತ ಏರುವಾಗ ಎರ್ಟ್ಸ್‌ಬರ್ಗ್ ಎಂಬ ಅದಿರಿನ ಗುಡ್ಡ ಕಂಡ. 1967ರಲ್ಲಿ ಅಮೆರಿಕದ ಫ್ರೀಪೋರ್ಟ್ ಕಂಪನಿ ಜಕಾರ್ತದ ಸುಹಾರ್ತೋ ಸರ್ಕಾರದೊಂದಿಗೆ ಗಣಿ ಒಪ್ಪಂದಕ್ಕೆ ರುಜು ಹಾಕಿತು. ಈ ನೆಲ ಇಂಡೋನೇಷ್ಯಾಕ್ಕೆ ಸೇರಬೇಕೇ ಬೇಡವೇ ಎಂದು ಇಲ್ಲಿನವರನ್ನು ಕೇಳುವ ಶಾಸ್ತ್ರ ನಡೆದದ್ದು 1969ರಲ್ಲಿ. ಅಂದರೆ ನೆಲ ಯಾರದ್ದೆಂದು ತೀರ್ಮಾನವಾಗುವ ಎರಡು ವರ್ಷ ಮೊದಲೇ ನೆಲದೊಳಗಿನ ಸಂಪತ್ತಿನ ವ್ಯವಹಾರ ಮುಗಿದಿತ್ತು. ಎರ್ಟ್ಸ್‌ಬರ್ಗ್ ಗುಡ್ಡ ಬರಿದಾಗುವ ಹೊತ್ತಿಗೆ, 1988ರಲ್ಲಿ, ಪಕ್ಕದ ಗ್ರಾಸ್‌ಬರ್ಗ್‌ನ ಭಂಡಾರ ಸಿಕ್ಕಿತು. 2018ರಲ್ಲಿ ಇಂಡೋನೇಷ್ಯಾ ಸರ್ಕಾರ ಗಣಿಯ ಶೇಕಡಾ 51ರಷ್ಟು ಪಾಲನ್ನು ತನ್ನದಾಗಿಸಿಕೊಂಡಿತು. ಜಕಾರ್ತದಲ್ಲಿ ಅದು ರಾಷ್ಟ್ರೀಯ ಸಾಧನೆ. ವಿಮಾನದ ಕಿಟಕಿಯಿಂದ ಕಾಣುವ ಬೂದು ಪಟ್ಟಿ ಮಾತ್ರ ಷೇರು ಯಾರ ಕೈಯಲ್ಲಿದೆ ಎಂದು ನೋಡಿ ಬಣ್ಣ ಬದಲಿಸಿಲ್ಲ.

ಸೆಂತಾನಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ನಿಲ್ದಾಣದ ಹಿಂದೆ ಸೈಕ್ಲೋಪ್ಸ್ ಬೆಟ್ಟಸಾಲು, ಮುಂದೆ ದ್ವೀಪಗಳನ್ನು ಹೊತ್ತ ದೊಡ್ಡ ಸರೋವರ. 1944ರ ಏಪ್ರಿಲ್‌ನಲ್ಲಿ ಜಪಾನೀಯರಿಂದ ಈ ತೀರವನ್ನು ಕಿತ್ತುಕೊಂಡ ಅಮೆರಿಕನ್ನರು ಇದೇ ಬೆಟ್ಟದ ಮಗ್ಗುಲಲ್ಲಿ ಜನರಲ್ ಮೆಕಾರ್ಥರ್‌ನ ಕೇಂದ್ರ ಕಚೇರಿ ಕಟ್ಟಿದ್ದರು. ವಿಮಾನ ನಿಲ್ದಾಣಕ್ಕೆ ಈಗ ದೋರ್ಥೆಯ್ಸ್ ಹಿಯೋ ಎಲುವಾಯ್ ಎಂದು ಹೆಸರು. ಥೆಯ್ಸ್ ಎಲುವಾಯ್ ಈ ಸರೋವರದ ಸೇರೆ ಹಳ್ಳಿಯ ಪಾರಂಪರಿಕ ನಾಯಕ. 1969ರಲ್ಲಿ ಇಂಡೋನೇಷ್ಯಾದ ಪರ ಕೈ ಎತ್ತಿದವರಲ್ಲಿ ಅವನೂ ಒಬ್ಬ. ಆಮೇಲೆ ಆಳುವ ಪಕ್ಷದ ಶಾಸಕನಾಗಿ ವರ್ಷಗಟ್ಟಲೆ ಇದ್ದ. ಸುಹಾರ್ತೋ ಬಿದ್ದ ಮೇಲೆ ತಿರುಗಿ ನಿಂತು, 2000ದ ಹೊತ್ತಿಗೆ ಸ್ವಾತಂತ್ರ್ಯ ಕೇಳುವ ಪಾಪುವಾ ಪ್ರೆಸಿಡಿಯಂ ಮಂಡಳಿಯ ಅಧ್ಯಕ್ಷನಾದ. 2001ರ ನವೆಂಬರ್ 10ರಂದು ಇಂಡೋನೇಷ್ಯಾ ಸೇನೆಯ ವಿಶೇಷ ಪಡೆಯವರು ತಮ್ಮ ಶಿಬಿರದ ವೀರರ ದಿನಾಚರಣೆಗೆ ಅವನನ್ನು ಕರೆದರು. ಮರಳುವ ದಾರಿಯಲ್ಲಿ ಅವನನ್ನು ಕೊಂದರು. ಅವನ ಚಾಲಕ ಇಂದಿಗೂ ಪತ್ತೆಯಿಲ್ಲ. ತಪ್ಪಿತಸ್ಥ ಸೈನಿಕರಿಗೆ ಸೇನಾ ನ್ಯಾಯಾಲಯ ಕೊಟ್ಟದ್ದು ಹೆಚ್ಚೆಂದರೆ ಮೂರೂವರೆ ವರ್ಷ ಸಜೆ. ಅಂದಿನ ಭೂಸೇನಾ ಮುಖ್ಯಸ್ಥರು ಅವರನ್ನು ವೀರರೆಂದೇ ಕರೆದರು. ಸಮಾಧಿ ನಿಲ್ದಾಣದಿಂದ ದೂರವಿಲ್ಲ. ಕೊಂದವರ ಸರ್ಕಾರವೇ ಕೊಲೆಯಾದವನ ಹೆಸರನ್ನು ನಿಲ್ದಾಣಕ್ಕೆ ಇಟ್ಟಿದೆ. ಇದನ್ನು ಗೌರವವೆನ್ನಬೇಕೋ, ಬಾಯಿ ಮುಚ್ಚಿಸುವ ಜಾಣತನವೆನ್ನಬೇಕೋ ಎಂದು ನನ್ನ ಕಾರಿನ ಚಾಲಕನನ್ನು ಕೇಳಿದೆ. ಅವನು ಸರೋವರದ ಹಳ್ಳಿಯವನು, ಐವತ್ತು ದಾಟಿದವನು. "ಬಾಪಾ, ಬಾವುಟ ಕೇಳಿದೆವು, ಬೋರ್ಡು ಕೊಟ್ಟರು" ಎಂದ.

ಮಧ್ಯಾಹ್ನದ ಊಟ ಸರೋವರದ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಹೋಟೆಲಿನಲ್ಲಿ. ಪಾಪೆಡಾ ತರಿಸಿದೆವು. ಸಾಗೋ ಮರದ ತಿರುಳಿನ ಹಿಟ್ಟಿಗೆ ಕುದಿಯುವ ನೀರು ಹುಯ್ದು ಒಂದೇ ಸಮನೆ ತಿರುವಿದರೆ ಬಿಳಿ ಹಿಟ್ಟು ಗಾಜಿನಂತೆ ಪಾರದರ್ಶಕವಾಗುತ್ತದೆ. ಚಾಲಕ ಎರಡು ಮರದ ಕವಲುಕಡ್ಡಿಗಳನ್ನು ಅದರೊಳಗೆ ಇಳಿಸಿ, ಸರಸರನೆ ಸುತ್ತಿ, ಎಳೆ ಕಡಿಯದ ಹಾಗೆ ಎತ್ತಿ ನನ್ನ ತಟ್ಟೆಯಲ್ಲಿದ್ದ ಅರಿಸಿನದ ಮೀನುಸಾರಿಗೆ ಜಾರಿಸಿದ. ಅಗಿಯಬಾರದು ಎಂದು ಎಚ್ಚರಿಸಿದ. ಮಂಡ್ಯದ ಕಡೆಯವರಿಗೆ ಈ ಪಾಠ ಬೇಕಾಗಿಲ್ಲ. ರಾಗಿಮುದ್ದೆ ನುಂಗಿ ಬಲ್ಲವರಿಗೆ ಪಾಪೆಡಾ ತಾನಾಗಿಯೇ ಇಳಿಯುತ್ತದೆ. ಸಾರು ಹುಳಿಯಾಗಿತ್ತು, ಚೆನ್ನಾಗಿತ್ತು.

ಎರಡನೆಯ ದಿನ: ಜಯಾಪುರ

ಒಳನಾಡಿಗೆ ಹೋಗುವ ವಿದೇಶಿಯರು 'ಸುರತ್ ಜಾಲನ್' ಎಂಬ ಸಂಚಾರಪತ್ರವನ್ನು ಪೊಲೀಸರಿಂದ ಪಡೆಯಬೇಕು. ಪಾಸ್‌ಪೋರ್ಟಿನ ನಕಲು, ಭಾವಚಿತ್ರ, ಹೋಗುವ ಊರುಗಳ ಪಟ್ಟಿ ಕೊಟ್ಟು ಬೆಂಚಿನ ಮೇಲೆ ಕುಳಿತೆ. ಮೇಜಿನ ಹಿಂದಿನ ಅಧಿಕಾರಿ ಸೌಜನ್ಯದಿಂದಲೇ ಮಾತನಾಡಿದ, ಆದರೆ ನಾನು ಪತ್ರಕರ್ತನಲ್ಲವೆಂಬುದನ್ನು ಸುತ್ತಿ ಬಳಸಿ ಮತ್ತೆ ಮತ್ತೆ ಖಚಿತಪಡಿಸಿಕೊಂಡ. ವಿದೇಶಿ ಪತ್ರಕರ್ತರಿಗೆ ಪಾಪುವಾ ಮುಕ್ತ ಎಂದು 2015ರಲ್ಲಿ ಅಧ್ಯಕ್ಷ ಜೋಕೋ ವಿದೋದೋ ಘೋಷಿಸಿದ್ದರು. ಘೋಷಣೆ ಇಲ್ಲಿಯ ಮೇಜುಗಳವರೆಗೆ ತಲುಪಿದಂತಿಲ್ಲ.

ಕಚೇರಿಯ ಹೊರಗೆ ಹೆಂಗಸೊಬ್ಬಳು ಪುಟ್ಟ ಮೇಜಿನ ಮೇಲೆ ಹಸಿರಡಿಕೆಯ ಗುಪ್ಪೆಗಳನ್ನು ಜೋಡಿಸಿಟ್ಟಿದ್ದಳು. ಮಲೆನಾಡಿನ ಅಡಿಕೆ ತೋಟದಲ್ಲಿ ಬೆಳೆದವನಿಗೆ ಅಲ್ಲಿಂದ ಸುಮ್ಮನೆ ಹಾದುಹೋಗಲು ಆಗುತ್ತದೆಯೇ? ನಾವು ಸುಲಿದು, ಬೇಯಿಸಿ, ಒಣಗಿಸಿ, ಹೋಳು ಮಾಡಿ ಎಲೆಯಲ್ಲಿ ಸುತ್ತುವುದನ್ನು ಇವರು ಇಡೀ ಎಳೆಯ ಕಾಯಾಗಿ ಹಲ್ಲಿನಿಂದಲೇ ಸಿಪ್ಪೆ ಸೀಳಿ ಅಗಿಯುತ್ತಾರೆ. ವೀಳ್ಯದೆಲೆ ಇಲ್ಲ, ವೀಳ್ಯದ ಬಳ್ಳಿ ಬಿಡುವ ಬೆರಳುದ್ದದ ಕಾಯಿಯನ್ನು ಸುಣ್ಣದ ಪುಡಿಯಲ್ಲಿ ಅದ್ದಿ ಕಚ್ಚುತ್ತಾರೆ. "ಮಾಮಾ, ಸುಣ್ಣ ಎಷ್ಟು ಹಾಕಲಿ?" ಎಂದೆ. ಇಲ್ಲಿ ಹಿರಿಯ ಹೆಂಗಸರನ್ನು ಎಲ್ಲರೂ ಮಾಮಾ ಎಂದೇ ಕರೆಯುವುದು. ನನ್ನ ಕೈಯಲ್ಲಿದ್ದ ಕಾಯಿಯನ್ನು ಕಿತ್ತುಕೊಂಡು ಅವಳೇ ಅದ್ದಿಕೊಟ್ಟಳು. ನಾಲಿಗೆ ಸುಡಲಿಲ್ಲ. ಉಗುಳುವ ಜಾಗವನ್ನೂ ಬೆರಳು ಮಾಡಿ ತೋರಿಸಿದಳು, ಏಕೆಂದರೆ ಕಚೇರಿಯ ಗೋಡೆಯ ಮೇಲೆ ಅಡಿಕೆ ಅಗಿಯುವುದನ್ನು ನಿಷೇಧಿಸಿದ ದೊಡ್ಡ ಫಲಕವಿತ್ತು.

ಈ ಮಾಮಾಗಳು ಜಯಾಪುರದ ರಾಜಕೀಯದ ಒಂದು ಭಾಗ. ಪೇಟೆಯ ಅಂಗಡಿಸಾಲುಗಳು ಬಹುಪಾಲು ಸುಲಾವೇಸಿ, ಜಾವಾಗಳಿಂದ ಬಂದವರ ಕೈಯಲ್ಲಿವೆ. ಪಾಪುವಾದ ಹೆಂಗಸರು ತಮ್ಮ ತೋಟದ ಗೆಣಸು, ಸೊಪ್ಪು, ಅಡಿಕೆಯನ್ನು ಕಾಲುದಾರಿಯಲ್ಲಿ ಗೋಣಿ ಹಾಸಿ ಮಾರುತ್ತಿದ್ದರು. ತಮಗೊಂದು ಮಾರುಕಟ್ಟೆ ಬೇಕೆಂದು ವರ್ಷಗಳ ಕಾಲ ಹಟ ಹಿಡಿದರು. ಕೊನೆಗೆ ಊರಿನ ನಡುವೆ 'ಪಸಾರ್ ಮಾಮಾ-ಮಾಮಾ' ಎಂಬ ಬಹುಮಹಡಿ ಕಟ್ಟಡ ಎದ್ದಿತು. ಸಂಜೆ ಹೋದಾಗ ನೆಲಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟ್ಟಡ ಸಿಕ್ಕಿದರೂ ಅವರು ಕುಳಿತದ್ದು ನೆಲದ ಮೇಲೆಯೇ, ಕಾಲು ಚಾಚಿ, ತಮ್ಮ ಮನೆಯ ಜಗಲಿಯಲ್ಲಿ ಕುಳಿತ ಧಾಟಿಯಲ್ಲಿ.

ಈ ಊರಿಗೆ ಆಡಳಿತಗಾರರು ಬದಲಾದಂತೆಲ್ಲ ಹೆಸರು ಬದಲಾಯಿತು. ಡಚ್ಚರ ಕಾಲದಲ್ಲಿ ಹೊಲಾಂಡಿಯಾ, ಆಮೇಲೆ ಕೋತಾ ಬಾರು, ಸುಕಾರ್ನೋಪುರ, ಕೊನೆಗೆ ಜಯಾಪುರ. ಹೊಲಾಂಡಿಯಾ ಆಗಿದ್ದಾಗ, 1961ರ ಏಪ್ರಿಲ್‌ನಲ್ಲಿ ಡಚ್ಚರು ಪಾಪುವನ್ನರೇ ಬಹುಮತದಲ್ಲಿದ್ದ ಒಂದು ಮಂಡಳಿಯನ್ನು ರಚಿಸಿದರು. ಅದೇ ವರ್ಷ ಡಿಸೆಂಬರ್ 1ರಂದು ಡಚ್ ಬಾವುಟದ ಪಕ್ಕದಲ್ಲಿ ಮೊದಲ ಬಾರಿಗೆ ಪಾಪುವನ್ನರ ಬೆಳ್ಳಿಚುಕ್ಕಿಯ ಬಾವುಟ ಹಾರಿತು. ಡಿಸೆಂಬರ್ 19ರಂದು ಇಂಡೋನೇಷ್ಯಾದ ಅಧ್ಯಕ್ಷ ಸುಕಾರ್ನೋ ಯೋಗ್ಯಕಾರ್ತದಲ್ಲಿ ನಿಂತು ಪಾಪುವಾವನ್ನು ವಶಪಡಿಸಿಕೊಳ್ಳುವ ಕರೆ ಕೊಟ್ಟರು. ನಮ್ಮ ಸೇನೆ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಿದ್ದೂ ಅದೇ ದಿನ. ಭಾರತ ಆ ಕಾಲದಲ್ಲಿ ವಿಶ್ವಸಂಸ್ಥೆಯಲ್ಲಿ ಇಂಡೋನೇಷ್ಯಾದ ಬೆನ್ನಿಗಿತ್ತು. ಯುರೋಪಿನವರು ಏಷ್ಯಾದಿಂದ ತೊಲಗಬೇಕು ಎಂಬ ಒಂದೇ ನೋಟದಿಂದ ನೋಡಿದರೆ ಗೋವಾ, ಪಾಪುವಾ ಎರಡೂ ಒಂದೇ ಲೆಕ್ಕ. ತೊಲಗಿದವರ ಜಾಗಕ್ಕೆ ಯಾರು ಬರಬೇಕು ಎಂಬ ಪ್ರಶ್ನೆಯನ್ನು ಪಾಪುವನ್ನರ ಮುಂದಿಡಬೇಕೆಂದು ದೆಹಲಿಯಲ್ಲಿ ಯಾರಿಗೂ ತೋಚಿದಂತಿಲ್ಲ.

1962ರ ಆಗಸ್ಟ್ 15ರಂದು ನ್ಯೂಯಾರ್ಕ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಇಂಡೋನೇಷ್ಯಾ ಒಪ್ಪಂದ ಮಾಡಿಕೊಂಡವು. ಅಮೆರಿಕ ಮಧ್ಯಸ್ಥ, ಪಾಪುವನ್ನರು ಕೋಣೆಯಲ್ಲೇ ಇರಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ವಿಶ್ವಸಂಸ್ಥೆ ಇಲ್ಲಿ ತಾತ್ಕಾಲಿಕ ಆಡಳಿತ ನಡೆಸಿತು. ಕದನವಿರಾಮದ ವೀಕ್ಷಕರ ಮುಂದಾಳು ಭಾರತದ ಬ್ರಿಗೇಡಿಯರ್ ಇಂದರ್‌ಜಿತ್ ರಿಖಿ. ಕಾವಲಿಗೆ ಬಂದ ಸುಮಾರು 1,500 ಸೈನಿಕರು ಪಾಕಿಸ್ತಾನದವರು. 1963ರ ಮೇ 1ರಂದು ಆಡಳಿತವನ್ನು ಇಂಡೋನೇಷ್ಯಾಕ್ಕೆ ಒಪ್ಪಿಸುವಾಗ ವಿಶ್ವಸಂಸ್ಥೆಯ ಪರವಾಗಿ ನಿಂತವರು ತಮಿಳುನಾಡಿನ ಸಿ. ವಿ. ನರಸಿಂಹನ್.

ಒಪ್ಪಂದದ ಪ್ರಕಾರ ಜನಾಭಿಪ್ರಾಯ ಕೇಳಬೇಕಿತ್ತು. 1969ರ ಜುಲೈ, ಆಗಸ್ಟ್‌ನಲ್ಲಿ ಕೇಳಿದರು. ಎಂಟು ಲಕ್ಷದಷ್ಟು ಜನರ ಪರವಾಗಿ ಸಾವಿರದ ಚಿಲ್ಲರೆ ಮಂದಿಯನ್ನು ಆರಿಸಿ, ಸೈನಿಕರ ಕಣ್ಣೆದುರಿಗೆ ಊರೂರಿನಲ್ಲಿ ಸಭೆ ಸೇರಿಸಿ ಕೇಳಿದರು. ಒಬ್ಬರೂ ಬೇಡ ಎನ್ನಲಿಲ್ಲ. ನ್ಯೂಯಾರ್ಕ್‌ಗೆ ಹೋಗಿ ದೂರು ಹೇಳಲು ಹೊರಟ ವಿಲೆಮ್ ಝೊಂಗೊನಾವ್, ಕ್ಲೆಮೆನ್ಸ್ ರುನವೇರಿ ಎಂಬ ಇಬ್ಬರನ್ನು ಆಗ ಆಸ್ಟ್ರೇಲಿಯಾ ಆಳುತ್ತಿದ್ದ ಗಡಿಯಾಚೆಯ ನೆಲದಲ್ಲಿ ಆ ದೇಶದ ಅಧಿಕಾರಿಗಳು ತಡೆದು ಮಾನುಸ್ ದ್ವೀಪಕ್ಕೆ ಕಳುಹಿಸಿದರು. ಅದೇ ವರ್ಷ ನವೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆ ಈ ಫಲಿತಾಂಶವನ್ನು 'ಗಮನಿಸಿತು': ಪರ 84, ವಿರುದ್ಧ ಸೊನ್ನೆ, ತಟಸ್ಥ 30. ಮೂರು ದಶಕಗಳ ನಂತರ, 2001ರಲ್ಲಿ, ನಿವೃತ್ತರಾಗಿದ್ದ ನರಸಿಂಹನ್ ಅವರೇ ಸುದ್ದಿಸಂಸ್ಥೆಯೊಂದಕ್ಕೆ ಅದೆಲ್ಲ ಬರಿಯ ಕಣ್ಣೊರೆಸುವ ತಂತ್ರವಾಗಿತ್ತು, ಈ ತಲೆನೋವನ್ನು ಬೇಗ ಕಳೆದುಕೊಂಡರೆ ಸಾಕಾಗಿತ್ತು ಎಂಬ ಅರ್ಥದಲ್ಲಿ ಒಪ್ಪಿಕೊಂಡರು. ಪ್ರಾಮಾಣಿಕತೆ ಮೆಚ್ಚಬೇಕಾದ್ದೇ. ಬಂದದ್ದು ಮಾತ್ರ ಪಿಂಚಣಿಯ ಕಾಲಕ್ಕೆ.

ಮೂರನೆಯ ದಿನ: ಅಬೇಪುರ, ಬೇಸ್-ಜಿ

ಚೆಂದರವಾಸಿಹ್ ವಿಶ್ವವಿದ್ಯಾಲಯದ ಆವರಣದಲ್ಲಿ ಲೋಕ ಬುದಾಯ ಎಂಬ ವಸ್ತುಸಂಗ್ರಹಾಲಯವಿದೆ. ಅಸ್ಮಾತ್ ಜನರ ಬಿಸ್ ಕಂಬಗಳ ಮುಂದೆ ಬಹಳ ಹೊತ್ತು ನಿಂತೆ. ಒಂದೇ ಮರದಲ್ಲಿ ಒಬ್ಬರ ಹೆಗಲ ಮೇಲೊಬ್ಬರಂತೆ ಪೂರ್ವಜರನ್ನು ಕೆತ್ತಿ, ಮರದ ಹಲಗೆಬೇರನ್ನು ರೆಕ್ಕೆಯಂತೆ ಮುಂದಕ್ಕೆ ಚಾಚಿಸಿರುತ್ತಾರೆ. ಪಕ್ಕದಲ್ಲಿ ಸೆಂತಾನಿಯ ಆಸೆಯ್ ದ್ವೀಪದವರು ಮರದ ತೊಗಟೆಯನ್ನು ಬಡಿದು ಹದಮಾಡಿ ಬರೆದ ಚಿತ್ರಗಳು: ಮೀನು, ಸುರುಳಿ, ಹಲ್ಲಿ. ಇಂಡೋನೇಷ್ಯಾದ ಆಳ್ವಿಕೆಗೆ ಒಳಪಟ್ಟ ಈ ಪಶ್ಚಿಮಾರ್ಧದಲ್ಲೇ 250ಕ್ಕೂ ಹೆಚ್ಚು ಭಾಷೆಗಳಿವೆ. ಕಣಿವೆ ದಾಟಿದರೆ ಭಾಷೆ ಬದಲು. ಪರಸ್ಪರ ಮಾತಿಗೆ ಪಾಪುವಾ ಮಲಯ.

ಇಷ್ಟು ನುಡಿಗಳ ಜನರನ್ನು ಒಂದೇ ಜನ ಎಂದು ಅನಿಸುವಂತೆ ಮಾಡಿದವರಲ್ಲಿ ಇದೇ ಸಂಗ್ರಹಾಲಯದ ಕ್ಯುರೇಟರ್ ಆಗಿದ್ದ ಆರ್ನಲ್ಡ್ ಆಪ್ ಮುಖ್ಯ. 1978ರಲ್ಲಿ ಅವರು ಗೆಳೆಯರೊಂದಿಗೆ 'ಮಾಂಬೆಸಾಕ್' ತಂಡ ಕಟ್ಟಿ, ಊರೂರು ಸುತ್ತಿ ಹಳೆಯ ಹಾಡುಗಳನ್ನು ಕೂಡಿಸಿ, ಗಿಟಾರ್, ಉಕುಲೆಲೆ ಹಿಡಿದು ಹಾಡಿದರು. ರೇಡಿಯೋದಲ್ಲಿ ಬಿತ್ತರಿಸಿದರು, ಕ್ಯಾಸೆಟ್ ಮಾಡಿದರು. ಘೋಷಣೆ ಇಲ್ಲ, ಬಾವುಟ ಇಲ್ಲ. ಬರಿಯ ಜನಪದ ಗೀತೆ. ಅಷ್ಟೇ ಸಾಕಾಯಿತು. 1983ರ ನವೆಂಬರ್‌ನಲ್ಲಿ ವಿಶೇಷ ಪಡೆ ಅವರನ್ನು ಬಂಧಿಸಿತು. 1984ರ ಏಪ್ರಿಲ್ 26ರಂದು ಕೊಲ್ಲಲಾಯಿತು. ತಪ್ಪಿಸಿಕೊಂಡು ಓಡುವಾಗ ಗುಂಡು ತಗುಲಿತು ಎಂಬುದು ಅಧಿಕೃತ ಹೇಳಿಕೆ. ಆ ವರ್ಷ 10,000ಕ್ಕೂ ಹೆಚ್ಚು ಜನ ಗಡಿ ದಾಟಿ ಪಾಪುವಾ ನ್ಯೂಗಿನಿಗೆ ಓಡಿದರು. ನಮ್ಮ ಚಾಲಕನ ಚಿಕ್ಕಪ್ಪನ ಕುಟುಂಬವೂ ಅದರಲ್ಲಿತ್ತು. ಕಾರಿನ ಪೆನ್‌ಡ್ರೈವ್‌ನಲ್ಲಿ ಅವನು ಮಾಂಬೆಸಾಕ್ ಹಾಡುಗಳನ್ನು ಇಟ್ಟುಕೊಂಡಿದ್ದಾನೆ. ಸಿಗ್ನಲ್ ಬಂದಾಗ ಸದ್ದು ತಗ್ಗಿಸುತ್ತಾನೆ, ಅಭ್ಯಾಸಬಲ.

ಬಾವುಟದ ನಕ್ಷತ್ರಕ್ಕೂ ಒಂದು ಕತೆಯಿದೆ. ಬಿಯಾಕ್ ದ್ವೀಪದ ಮನಾರ್ಮಕೇರಿ ಎಂಬ ಮುದುಕನಿಗೆ ಮೈತುಂಬ ಹುಣ್ಣು. ಅವನು ಮರದಿಂದ ಇಳಿಸುವ ಹೆಂಡವನ್ನು ರಾತ್ರಿ ಯಾರೋ ಕದಿಯುತ್ತಿರುತ್ತಾರೆ. ಒಂದು ಬೆಳಗಿನ ಜಾವ ಕಾದು ಕುಳಿತು ಕಳ್ಳನನ್ನು ಹಿಡಿದರೆ ಅದು ಬೆಳ್ಳಿಚುಕ್ಕಿ. ಸೂರ್ಯ ಹುಟ್ಟುವ ಮೊದಲು ಬಿಟ್ಟುಬಿಡು ಎಂದು ಅದು ಬೇಡಿಕೊಳ್ಳುತ್ತದೆ. ಬಿಡುಗಡೆಗೆ ಬದಲಾಗಿ ಮುದುಕ ವರ ಪಡೆಯುತ್ತಾನೆ. ಮುಂದೆ ಅವನು ಬೆಂಕಿಯಲ್ಲಿ ಹಳೆಯ ಚರ್ಮ ಕಳಚಿ ತರುಣನಾಗಿ, ಊರವರು ನಂಬದೆ ಹೋದಾಗ ಪಶ್ಚಿಮಕ್ಕೆ ಹೊರಟುಹೋಗುತ್ತಾನೆ. ಅವನು ಮರಳುವ ದಿನ ಹಸಿವು, ಸಾವು ಇರುವುದಿಲ್ಲ. ಇದೇ ನಂಬಿಕೆಯ ಮೇಲೆ 1930ರ ದಶಕದ ಕೊನೆಗೆ ಆಂಗನಿತಾ ಮೆನುಫಾಂದು ಎಂಬ ಹೆಂಗಸಿನ ಸುತ್ತ ಬಿಯಾಕ್‌ನಲ್ಲಿ ದೊಡ್ಡ ಚಳವಳಿ ಎದ್ದು, ಮೊದಲು ಡಚ್ಚರಿಗೆ, ಆಮೇಲೆ ಜಪಾನೀಯರಿಗೆ ನಿದ್ದೆಗೆಡಿಸಿತು. ಹೆಂಡ ಕದ್ದ ಚುಕ್ಕಿಯನ್ನು ಬಾವುಟಕ್ಕೇರಿಸಿದ ಜನರ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿತು.

ಆ ಬಾವುಟ ಹಾರಿಸುವುದು ಇಂದು ರಾಜದ್ರೋಹದ ಅಪರಾಧ. 2004ರ ಡಿಸೆಂಬರ್ 1ರಂದು ಇದೇ ಅಬೇಪುರದ ಮೈದಾನದಲ್ಲಿ ಅದನ್ನು ಏರಿಸಿದ ಸರ್ಕಾರಿ ನೌಕರ ಫಿಲೆಪ್ ಕಾರ್ಮಾಗೆ 15 ವರ್ಷ ಶಿಕ್ಷೆಯಾಯಿತು. ಕ್ಷಮಾದಾನ ಬೇಡಲು ಒಪ್ಪದೆ ಜೈಲಿನಲ್ಲೇ ಉಳಿದು 2015ರಲ್ಲಿ ಹೊರಬಂದರು. 2022ರ ನವೆಂಬರ್ 1ರಂದು ಬೇಸ್-ಜಿ ಕಡಲತೀರದಲ್ಲಿ ಅವರ ಶವ ಸಿಕ್ಕಿತು. ಸಮುದ್ರಕ್ಕೆ ಇಳಿದಿದ್ದವರು ಮುಳುಗಿ ಸತ್ತರೆಂದು ಕುಟುಂಬವೇ ಹೇಳಿತು. ಸಂಜೆ ಅಲ್ಲಿಗೆ ಹೋದೆವು. ಯುದ್ಧಕಾಲದ ಅಮೆರಿಕನ್ ನೆಲೆಯ ಹೆಸರೇ ಉಳಿದಿರುವ ಬಿಳಿ ಮರಳಿನ ತೀರ. ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಸುಟ್ಟ ಮೀನು ಚೆನ್ನಾಗಿತ್ತು, ದುಬಾರಿಯಾಗಿತ್ತು.

ನಾಲ್ಕನೆಯ ದಿನ: ವಮೇನಾ

ಮುಕ್ಕಾಲು ಗಂಟೆಯ ವಿಮಾನಯಾನ. ಮೋಡದ ಕೆಳಗೆ ಬಂದ ಕೂಡಲೇ ಬಾಲಿಯಂ ಕಣಿವೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಸಮತಟ್ಟು, ಸುತ್ತ ಗೋಡೆಯಂಥ ಬೆಟ್ಟ, ಅಂಕುಡೊಂಕು ನದಿ, ಕಾಲುವೆ ತೋಡಿ ಅಚ್ಚುಕಟ್ಟಾಗಿ ಪಾಲು ಮಾಡಿದ ಗೆಣಸಿನ ಹೊಲಗಳು. 1938ರಲ್ಲಿ ಅಮೆರಿಕದ ರಿಚರ್ಡ್ ಆರ್ಚ್‌ಬೋಲ್ಡ್ ವಿಮಾನದಿಂದ ಇದನ್ನು ಕಂಡು ದಂಗಾದನಂತೆ. ಯಾರೂ ಇಲ್ಲವೆಂದು ನಕಾಶೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಹತ್ತಾರು ಸಾವಿರ ಒಕ್ಕಲುಮಕ್ಕಳಿದ್ದರು. ಇದನ್ನೇ ಪುಸ್ತಕಗಳು 'ಕಣಿವೆಯ ಶೋಧ' ಎನ್ನುತ್ತವೆ. ಈ ಕಣಿವೆಯ ದಾನಿ ಎಂಬ ಬುಡಕಟ್ಟಿನ ಜನರು ಅಂದು ಗೆಣಸು ಕೀಳುವ ಕೆಲಸ ಬಿಟ್ಟು ತಲೆಯೆತ್ತಿ ನೋಡಿದ್ದರೆ, ಶೋಧ ಅವರದ್ದೂ ಹೌದು.

'ಶಿಲಾಯುಗದ ಜನ' ಎಂದು ಪಾಪುವನ್ನರನ್ನು ಕರೆಯುವ ಚಾಳಿ ನಮ್ಮ ಪತ್ರಿಕೆಗಳಲ್ಲೂ ಇದೆ. ಕಲ್ಲಿನ ಕೊಡಲಿ ಬಳಸುತ್ತಿದ್ದದ್ದು ನಿಜ. ಆದರೆ ಈ ದ್ವೀಪದ ಪೂರ್ವಾರ್ಧದಲ್ಲಿ, ಇಂದಿನ ಪಾಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ, ಕನಿಷ್ಠ 7,000 ವರ್ಷಗಳಿಂದ ಕಾಲುವೆ ತೋಡಿ ಕೃಷಿ ಮಾಡಿದ ಗುರುತುಗಳಿವೆ. ಬಾಳೆಯನ್ನು ಪಳಗಿಸಿದವರಲ್ಲಿ ಇವರಿದ್ದಾರೆ. ಇನ್ನು ಕಬ್ಬು: ಮಂಡ್ಯದ ಗದ್ದೆಗಳಲ್ಲಿ ಬೆಳೆಯುವ ತಳಿಗಳ ವಂಶವೃಕ್ಷ ಹಿಡಿದು ಹಿಂದೆ ಹೋದರೆ ಒಂದು ಕವಲು ತಲುಪುವುದು ನ್ಯೂಗಿನಿಗೇ. ದಪ್ಪ, ರಸಭರಿತ ಕಬ್ಬನ್ನು ಕಾಡುಹುಲ್ಲಿನಿಂದ ಆಯ್ದು ಬೆಳೆಸಿದವರು ಈ ಜನರ ಪೂರ್ವಜರು. ಕೊಯಮತ್ತೂರಿನ ಕೇಂದ್ರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ನಮ್ಮ ಕಾಡುಕಬ್ಬಿನೊಂದಿಗೆ ಬೆರೆಸಿ ಹೊಸ ತಳಿ ತಂದಿತು. ಪೇಟೆಯಲ್ಲಿ ಹೆಂಗಸೊಬ್ಬಳು ಕಬ್ಬಿನ ಕಟ್ಟು ಹೊತ್ತು ಹೋಗುತ್ತಿದ್ದಾಗ ನಾನು ಒಂದು ಜಲ್ಲೆ ಕೊಂಡು ನಿಂತಲ್ಲೇ ಸಿಗಿದು ತಿಂದೆ. ಮೂಲಸ್ಥಾನದ ಪ್ರಸಾದ.

ಜಿಬಾಮಾ ಮಾರುಕಟ್ಟೆಯಲ್ಲಿ ಎಲ್ಲರ ಹಣೆಯಿಂದಲೂ ನೋಕೆನ್ ಜೋತುಬಿದ್ದಿರುತ್ತದೆ. ತೊಗಟೆಯ ನಾರು ಹೊಸೆದು ಗಂಟುಹಾಕಿ ಹೆಣೆದ ಚೀಲ. ಪಟ್ಟಿಯನ್ನು ಹಣೆಗೆ ಏರಿಸಿ ಬೆನ್ನಿಗೆ ಇಳಿಬಿಡುತ್ತಾರೆ. ಒಂದರ ಮೇಲೊಂದು ಹಾಕಿಕೊಂಡಿದ್ದ ಹೆಂಗಸೊಬ್ಬಳ ಬೆನ್ನಲ್ಲಿ ಕೆಳಗಿನದರಲ್ಲಿ ಗೆಣಸು, ನಡುವಿನದರಲ್ಲಿ ಹಂದಿಮರಿ, ಮೇಲಿನದರಲ್ಲಿ ಕೂಸು ಮಲಗಿತ್ತು. 2012ರಲ್ಲಿ ಯುನೆಸ್ಕೋ ಇದನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊತೆಕಾ ಎಂಬ ಸೋರೆಬುರುಡೆಯ ಶಿಶ್ನಕವಚ ಮಾತ್ರ ತೊಟ್ಟ ಕೆಲವೇ ಮುದುಕರು ಈಗ ಕಾಣುತ್ತಾರೆ. 1970ರ ದಶಕದ ಆರಂಭದಲ್ಲಿ 'ಆಪರೇಷನ್ ಕೊತೆಕಾ' ಎಂದೇ ಹೆಸರಿಟ್ಟು ಸರ್ಕಾರ ಇವರಿಗೆ ಚಡ್ಡಿ ತೊಡಿಸಲು ಹೊರಟಿತ್ತು. ಇಂದು ಅದೇ ಸರ್ಕಾರದ ಪ್ರವಾಸೋದ್ಯಮದ ಭಿತ್ತಿಪತ್ರಗಳಲ್ಲಿ ಕೊತೆಕಾ ಇಲ್ಲದ ಬಾಲಿಯಂ ಇಲ್ಲ.

ಐದನೆಯ ದಿನ: ಜಿವಿಕಾ

ವಮೇನಾದ ಉತ್ತರಕ್ಕೆ ಜಿವಿಕಾ. ಹಳ್ಳಿಯ ಹಿಂದೆ ಕಡಿದಾದ ಗುಡ್ಡ. ಏದುಸಿರು ಬಿಡುತ್ತ ಹತ್ತಿದರೆ ಕಾಡಿನ ನಡುವೆ ಇಲುವೆ ಎಂಬಲ್ಲಿ ಉಪ್ಪುನೀರಿನ ಹೊಂಡ. ಸಮುದ್ರದಿಂದ ಇಷ್ಟು ದೂರ, ಇಷ್ಟು ಎತ್ತರದಲ್ಲಿ ಉಪ್ಪು! ಇಬ್ಬರು ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತಿದ್ದರು. ಬಾಳೆಯ ಕಾಂಡದ ಪಟ್ಟೆಗಳನ್ನು ಕಲ್ಲಿನಿಂದ ಜಜ್ಜಿ, ರಸ ಹಿಂಡಿ, ನಾರುನಾರಾದದ್ದನ್ನು ಹೊಂಡದಲ್ಲಿ ಅದ್ದಿ ಕಾಲಿನಿಂದ ತುಳಿಯುತ್ತಿದ್ದರು. ನಾರು ಉಪ್ಪುನೀರನ್ನು ಹೀರಿಕೊಂಡ ಮೇಲೆ ನೋಕೆನ್‌ಗೆ ತುಂಬಿ ಮನೆಗೆ ಒಯ್ದು, ಒಣಗಿಸಿ ಸುಡುತ್ತಾರೆ. ಉಳಿಯುವ ಬೂದಿಯೇ ಉಪ್ಪು. ಎಲೆಯಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ್ದನ್ನು ಕೊಟ್ಟರು. ನಾಲಿಗೆಗೆ ಮೊದಲು ಹೊಗೆ, ಆಮೇಲೆ ಕಹಿ, ಕೊನೆಗೆ ಉಪ್ಪು. ಅಂಗಡಿಯ ಪುಡಿಯುಪ್ಪು ಅಗ್ಗವಾದ್ದರಿಂದ ಎಳೆಯರು ಈ ಗುಡ್ಡ ಹತ್ತುವುದು ಕಡಿಮೆಯಾಗಿದೆ.

ಹೊಂಡದಲ್ಲಿದ್ದ ಹಿರಿಯಾಕೆಯ ಎಡಗೈಯಲ್ಲಿ ಎರಡು ಬೆರಳುಗಳು ಮೊದಲ ಗಿಣ್ಣಿಗೇ ನಿಂತಿದ್ದವು. ಹತ್ತಿರದವರು ಸತ್ತಾಗ ಶೋಕಕ್ಕಾಗಿ ಹೆಣ್ಣುಮಕ್ಕಳ ಬೆರಳು ಕತ್ತರಿಸುವ ಪದ್ಧತಿ ಹಿಂದೆ ಇತ್ತು, ಈಗ ನಿಂತಿದೆ. ಪರಂಪರೆಯೆಂದರೆ ಎಲ್ಲವೂ ಕೈಮುಗಿಯುವಂಥದ್ದಲ್ಲ. ಅದನ್ನು ನಿಲ್ಲಿಸಿದ ಶ್ರೇಯಸ್ಸಿನಲ್ಲಿ ಚರ್ಚುಗಳಿಗೂ ಪಾಲಿದೆ. ಅವಳು ಮಾತ್ರ ಉಳಿದ ಬೆರಳುಗಳಲ್ಲಿ ನನಗಿಂತ ಚುರುಕಾಗಿ ಎಲೆ ಕಟ್ಟಿದಳು.

ಕೆಳಗಿನ ಹಳ್ಳಿಯಲ್ಲಿ ಹೊಗೆ ಹಾಕಿ ಕಾಪಾಡಿದ ಪೂರ್ವಜನ ಕಪ್ಪು ದೇಹವನ್ನು ಪ್ರವಾಸಿಗರಿಗೆಂದು ಹೊರಗೆ ತಂದು ಕೂರಿಸುತ್ತಾರೆ, ಹಣ ಕೊಟ್ಟರೆ. ನನಗೆ ಹಿಡಿಸಲಿಲ್ಲ, ಬೇಗ ಹೊರಬಂದೆ.

ಮಧ್ಯಾಹ್ನ ಪಕ್ಕದ ಊರಿನಲ್ಲಿ ಜಗಳ ಬಗೆಹರಿದ ಸಂತೋಷಕ್ಕೆ 'ಬಾಕಾರ್ ಬಾತು' ಇತ್ತು. ದುಂಡನೆಯ ಹೊನಾಯ್ ಗುಡಿಸಲುಗಳ ನಡುವಿನ ಅಂಗಳದಲ್ಲಿ ಬೆಂಕಿ ಹೊತ್ತಿಸಿ ಕಲ್ಲುಗಳನ್ನು ಕೆಂಪಗೆ ಕಾಯಿಸಿದರು. ಗುಂಡಿಗೆ ಹುಲ್ಲು ಹಾಸಿ, ಸೀಳುಕೋಲಿನಲ್ಲಿ ಕಾದ ಕಲ್ಲು ಹಿಡಿದು ಓಡೋಡಿ ತಂದು ಇಳಿಸಿದರು. ಮೇಲೆ ಗೆಣಸು, ಸೊಪ್ಪು, ಮತ್ತೆ ಕಲ್ಲು, ಹಂದಿಮಾಂಸ, ಜರೀಗಿಡ, ಹುಲ್ಲು. ಇಡೀ ರಾಶಿ ಆವಿ ಉಗುಳುತ್ತ ಬೇಯುವಷ್ಟರಲ್ಲಿ ಎರಡೂ ಕಡೆಯ ಹಿರಿಯರು ಯಾರು ಎಷ್ಟು ಹಂದಿ ಕೊಡಬೇಕೆಂದು ಒಬ್ಬೊಬ್ಬರಾಗಿ ಎದ್ದು ಮಾತನಾಡಿದರು. ಒಬ್ಬ ಮುಗಿಸುವವರೆಗೆ ಇನ್ನೊಬ್ಬ ಬಾಯಿ ಹಾಕಲಿಲ್ಲ. ಮಾತು ಮುಗಿಯದೆ ಗುಂಡಿ ಬಿಚ್ಚಲಿಲ್ಲ. ವಮೇನಾ ಸಮೀಪದ ವಲೇಸಿಯಲ್ಲಿ ಮುಸ್ಲಿಮರಾದ ದಾನಿಗಳು ಇದೇ ಗುಂಡಿಯಲ್ಲಿ ಕೋಳಿ ಬೇಯಿಸುತ್ತಾರೆ. ನನ್ನ ಪಾಲಿಗೆ ಬಂದ ಗೆಣಸು ಒಳಗೆ ಹಳದಿಯಾಗಿ, ಹೊಗೆಯ ವಾಸನೆಯೊಂದಿಗೆ ಬೆಂದಿತ್ತು.

ಆರನೆಯ ದಿನ: ವಮೇನಾ, ಮಳೆ

ವಿಮಾನ ರದ್ದು. ವಸತಿಗೃಹದ ಯಜಮಾನ ಸುಲಾವೇಸಿಯ ತೊರಾಜಾದವನು, ಇಲ್ಲೇ ಮಕ್ಕಳನ್ನು ಬೆಳೆಸಿದವನು. 2019ರ ಆಗಸ್ಟ್‌ನಲ್ಲಿ ಜಾವಾದ ಸುರಬಾಯದಲ್ಲಿ ಪಾಪುವಾದ ವಿದ್ಯಾರ್ಥಿಗಳನ್ನು ಮಂಗಗಳೆಂದು ಹೀಗಳೆದದ್ದಕ್ಕೆ ಇಡೀ ಪಾಪುವಾ ಬೀದಿಗಿಳಿಯಿತು. ಸೆಪ್ಟೆಂಬರ್ 23ರಂದು ವಮೇನಾ ಹೊತ್ತಿ ಉರಿಯಿತು. 30ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹಳಷ್ಟು ವಲಸಿಗರು. ಯಜಮಾನನ ಅಂಗಡಿ ಬೂದಿಯಾಯಿತು. ಅವನ ಕುಟುಂಬವನ್ನು ತಮ್ಮ ಮನೆಯೊಳಗೆ ಬಚ್ಚಿಟ್ಟವರು ಪಕ್ಕದ ದಾನಿಗಳು. "ಯಾರನ್ನು ದೂರಲಿ?" ಎಂದ. ಅಡುಗೆಮನೆಯಲ್ಲಿ ಕೆಲಸ ಮಾಡುವ ಹುಡುಗಿ ಎನ್ದುಗಾ ಜಿಲ್ಲೆಯವಳು. 2018ರ ಡಿಸೆಂಬರ್‌ನಲ್ಲಿ ಅಲ್ಲಿ ರಸ್ತೆ ಕಾರ್ಮಿಕರನ್ನು ಬಂಡುಕೋರರು ಕೊಂದರು, ಬೆನ್ನಿಗೇ ಸೇನೆ ನುಗ್ಗಿತು, ಹಳ್ಳಿಗಳು ಖಾಲಿಯಾದವು. ಅವಳ ಮನೆಯವರು ಅಂದು ನಡೆದು ಬಂದವರು ಇನ್ನೂ ಮರಳಿಲ್ಲ. 2023ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ವಿಮಾನಚಾಲಕನನ್ನು ಬಂಡುಕೋರರು ಒತ್ತೆ ಹಿಡಿದದ್ದು ಅದೇ ಎನ್ದುಗಾದಲ್ಲಿ. ಒಂದೂವರೆ ವರ್ಷದ ನಂತರ ಅವನು ಬಿಡುಗಡೆಯಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಹುಡುಗಿಯ ಹಳ್ಳಿಯ ಹೆಸರು ನಕಾಶೆಯಲ್ಲಿ ನನಗೆ ಸಿಗಲಿಲ್ಲ.

ವಮೇನಾ ಈಗ ಹೊಸ ಪ್ರಾಂತ್ಯವೊಂದರ ರಾಜಧಾನಿ. 2022ರಲ್ಲಿ ಎರಡು ಪ್ರಾಂತ್ಯಗಳನ್ನು ಒಡೆದು ಆರು ಮಾಡಿದರು. 2001ರ ವಿಶೇಷ ಸ್ವಾಯತ್ತತೆ ಕಾಯ್ದೆ ಇಂಥದ್ದಕ್ಕೆ ಪಾಪುವನ್ನರ ಪ್ರತಿನಿಧಿ ಸಭೆಯ ಒಪ್ಪಿಗೆ ಬೇಕೆಂದಿತ್ತು; 2021ರ ತಿದ್ದುಪಡಿ ಕೇಂದ್ರಕ್ಕೆ ನೇರ ದಾರಿ ತೆರೆಯಿತು. ಮತ್ತೆ ಅದೇ ಕತೆ, ರುಜು ಬೇರೆಯವರದ್ದು.

ಏಳನೆಯ ದಿನ: ಸ್ಕೌ

ಬೆಳಗ್ಗೆ ಹವೆ ತಿಳಿಯಾಗಿ ಸೆಂತಾನಿಗೆ ಮರಳಿದೆ. ಅಲ್ಲಿಂದ ನೇರ ಗಡಿಗೆ. 2019ರಲ್ಲಿ ತೆರೆದ ಕೆಂಪು ಕಮಾನಿನ ಯೂತೆಫಾ ಸೇತುವೆ ದಾಟಿ, ಜಾವಾದಿಂದ ಬಂದು ನೆಲೆಸಿದವರ ಭತ್ತದ ಗದ್ದೆಗಳಿರುವ ಕೋಯಾ ಕಳೆದು ಮುಂದೆ ಹೋದರೆ ಸ್ಕೌ. ಥೆಯ್ಸ್ ಎಲುವಾಯ್ ಶವವಿದ್ದ ಕಾರು ಸಿಕ್ಕಿದ್ದು ಈ ಕೋಯಾದ ಬಳಿ ಎಂದು ಚಾಲಕ ಬೆರಳು ತೋರದೆ, ಗಲ್ಲ ಎತ್ತಿ ತೋರಿಸಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ಚರು, ಬ್ರಿಟಿಷರು, ಜರ್ಮನರು ಯುರೋಪಿನಲ್ಲಿ ಕುಳಿತು 141ನೇ ರೇಖಾಂಶದ ಮೇಲೆ ಎಳೆದ ಗೆರೆ ಇಲ್ಲಿ ಒಂದು ಭವ್ಯ ಕಮಾನು, ಧ್ವಜಸ್ತಂಭ, ಚಿನ್ನದ ಗರುಡಗಳಾಗಿ ನಿಂತಿದೆ. ಆಚೆಯ ಪಾಪುವಾ ನ್ಯೂಗಿನಿ 1975ರ ಸೆಪ್ಟೆಂಬರ್ 16ರಂದು ಸ್ವತಂತ್ರವಾಯಿತು. ಆಚೆಯ ವುಟುಂಗ್ ಹಳ್ಳಿಯವರ ತೋಟಗಳು ಗೆರೆಯ ಈಚೆಗೂ ಇವೆ; ಗಡಿಯ ಹಳ್ಳಿಯವರಿಗೆ ಪಾಸ್‌ಪೋರ್ಟ್ ಬೇಡ, ಸಾಂಪ್ರದಾಯಿಕ ಸಂಚಾರದ ಕಾರ್ಡು ಸಾಕು. ಮಾರುಕಟ್ಟೆಯ ದಿನವಾದ್ದರಿಂದ ಆಚೆಯವರು ಅಕ್ಕಿ, ನೂಡಲ್ಸ್, ಪ್ಲಾಸ್ಟಿಕ್ ಕುರ್ಚಿಗಳನ್ನು ಕೊಂಡು ಹೊರಲಾರದೆ ಹೊರುತ್ತಿದ್ದರು. ಆಚೆಯ ನಾಣ್ಯ ಕಿನಾ, ಈಚೆಯ ರುಪಾಯಾ ಎರಡೂ ಓಡುತ್ತವೆ.

ಆಚೆ ಬದಿಯ ಗೂಡಂಗಡಿಯಲ್ಲಿ ಕೆಂಪು, ನೀಲಿ, ಬಿಳಿಯ ನೋಕೆನ್‌ಗಳು ತೂಗುತ್ತಿದ್ದವು, ಬಿಳಿ ನಕ್ಷತ್ರ ಸಮೇತ. ಬೆಲೆ ಕೇಳಿದೆ. ಚಾಲಕ ನನ್ನ ಮೊಣಕೈ ಹಿಡಿದು ಎಳೆದ. ಈಚೆ ಬರುವಾಗ ಚೀಲ ತೆರೆದು ನೋಡುತ್ತಾರೆ, ನಿಮಗೆ ಗದರಿಕೆ, ನನಗೆ ಠಾಣೆ ಎಂದ. ನಕ್ಷತ್ರವಿಲ್ಲದ್ದನ್ನು ಕೊಂಡೆ.

ಅವನಿಗೆ ಅಲ್ಲಿ ಬೇರೆ ಕೆಲಸವಿತ್ತು. 1984ರಲ್ಲಿ ಓಡಿಹೋದ ಚಿಕ್ಕಪ್ಪನ ಮಗ ಗಡಿಯಾಚೆಯ ವನಿಮೋ ಪಟ್ಟಣದಿಂದ ಬಂದಿದ್ದ. ಅವನು ಬ್ಲ್ಯಾಕ್‌ವಾಟರ್ ನಿರಾಶ್ರಿತರ ಶಿಬಿರದಲ್ಲಿ ಬೆಳೆದವನು, ಮಲಯಕ್ಕಿಂತ ಪಾಪುವಾ ನ್ಯೂಗಿನಿಯ ಟೋಕ್ ಪಿಸಿನ್ ನುಡಿಯನ್ನೇ ಹೆಚ್ಚು ಮಾತನಾಡುತ್ತಾನೆ. ಅವನ ಮಗನ ಮದುವೆ ಸೆಂತಾನಿಯ ಹುಡುಗಿಯೊಂದಿಗೆ. ಸೆಂತಾನಿಯಲ್ಲಿ ವಧುದಕ್ಷಿಣೆಗೆ ಹಣವಷ್ಟೇ ಸಾಲದು, ತಲೆಮಾರುಗಳಿಂದ ಬಂದ ಗಾಜಿನ ಮಣಿಗಳು ಬೇಕು. ಓಡಿಹೋದವರು ಮಣಿಗಳನ್ನು ಎಲ್ಲಿಂದ ತರಬೇಕು? ಇಬ್ಬರೂ ಅಡಿಕೆ ಕಚ್ಚುತ್ತ, ಗಡಿಕಂಬದ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಯಾವ ಅತ್ತೆಯ ಪೆಟ್ಟಿಗೆಯಲ್ಲಿ ಯಾವ ಬಣ್ಣದ ಮಣಿ ಎಷ್ಟಿದೆ ಎಂದು ಲೆಕ್ಕ ಹಾಕಿದರು. ನೀಲಿ ಮಣಿಯ ವಿಷಯದಲ್ಲಿ ದನಿ ಏರಿತು. ಹತ್ತಿರವಿದ್ದ ಕಾವಲಿನ ಸೈನಿಕ, ಜಾವಾದ ಹುಡುಗ, ಗಾಬರಿಯಿಂದ ಏನಾಯಿತೆಂದು ಕೇಳಿದ. ಚಾಲಕ ಹೇಳಿದ. ಅವನು ನಕ್ಕು, ಗೇಟು ಮುಚ್ಚಲು ಇನ್ನೂ ಹೊತ್ತಿದೆ, ಮುಗಿಸಿಕೊಳ್ಳಿ ಎಂದ.